ಹರ್ನಿಯಾಕ್ಕ ಮಜೂರಿ ಎಷ್ಟು?

(ಇಳಕಲ್ಲಿನ ಒಂದು ಖಾಸಗಿ ದವಾಖಾನಿ. ಹೆಸರು ಬ್ಯಾಡ; ಹೇಳಿದ್ರ ಉಳಿದವರಿಗೆ ಬೇಜಾರು.)

ನೇಕಾರ: ನಮಸ್ಕಾರ್ರೀ ಸಾಹೇಬ್ರ. ಹರ್ನಿಯಾ ಐತಿ. ಬಿಪಿಎಲ್ ಕಾರ್ಡ್ ತಂದೇನ್ರಿ. ಆಯುಷ್ಮಾನದಾಗ ವರ್ಷಕ್ಕ 5 ಲಕ್ಷ ಅಂತಲ್ರಿ?

ಡಾಕ್ಟರ್: ಅದು ನಿಮ್ಮ ಮನಿ ಮಂದಿಗೆಲ್ಲ ಸೇರಿ, ಕಾಕಾ. ನನಗ ಬರೂದು ಒಂದು ಪ್ಯಾಕೇಜು. ಹಾಸಿಗಿ, ಔಷಧ, ಅರಿವಳಿಕಿ ಎಲ್ಲಾ ಅದರಾಗ. ಬಿಲ್ಲು ಬರೂದ್ರಾಗ ನಿಮ್ಮ ಹೊಲಿಗಿ ಕರಗಿರ್ತಾವ. ಮೊದಲು ಸರ್ಕಾರಿ ದವಾಖಾನಿಯವರು ‘ನಮ್ಮಲ್ಲಿ ಆಗಂಗಿಲ್ಲ’ ಅಂತ ಬರದುಕೊಡಬೇಕು. ಹುನಗುಂದಕ್ಕ ಹೋಗ್ರಿ, ಇಲ್ಲಂದ್ರ ಬಾಗಲಕೋಟಿ.

ನೇಕಾರ: ಸಹಕಾರಿ ಸಂಘದ ಯಶಸ್ವಿನಿ ಕಾರ್ಡೂ ಐತ್ರಿ. 2003ರಾಗ ಸುರುವಾತು, 2018ರಾಗ ನಿಂತಿತು, 2023ರಾಗ ಮತ್ತ ಬಂತು. ನನ್ನ ಹರ್ನಿಯಾ ಮಾತ್ರ ನಡುವ ನಿಲ್ಲಲಿಲ್ಲ.

ಡಾಕ್ಟರ್: ಆ ಕಾರ್ಡಿನ ರೇಟು ಗಿಟ್ಟಂಗಿಲ್ಲೋ ಮಾರಾಯಾ!

ನೇಕಾರ: ಸೀರಿ ಮಜೂರಿ ಇಳದ್ರ ನಾವು ರಾತ್ರಿನೂ ಮಗ್ಗ ಹೊಡೀತೇವ್ರಿ. ನೀವು?

ಡಾಕ್ಟರ್: ಅಮೆರಿಕಾದಾಗ ಹಂಗ ಆತು. ಅಲ್ಲಿನ ಸರ್ಕಾರಿ ವಿಮಾ ಮೆಡಿಕೇರ್, ಡಾಕ್ಟರ ದರ ಇಳಿಸಿತು. ಅದರಿಂದ ಗಳಿಕಿ ಜಾಸ್ತಿ ಇಳದ ಸರ್ಜನ್ನರು ಹೃದಯದ ಬೈಪಾಸ್ ಜಾಸ್ತಿ ಮಾಡಿದ್ರು.

ನೇಕಾರ: ಅಷ್ಟು ಮಂದಿ ಹೃದಯ ಒಮ್ಮೆಲೇ ಕೆಟ್ಟುವೇನ್ರಿ?

ಡಾಕ್ಟರ್: (ಕೆಮ್ಮಿ) ದರ ಇಳದಾಗ ಕೆಡತಾವ. ಇನ್ನ ಕೆಲವು ಕಡೆ ಕಾರ್ಡ್ ನೋಡಿದ ಕೂಡ್ಲೆ ಹಾಸಿಗಿ ತುಂಬತಾವ.

(ಒಳಗ ಆರು ಹಾಸಿಗಿ ಖಾಲಿ. ಅವಕ್ಕ ಕಾರ್ಡ್ ಓದಾಕ ಬರತೈತಿ.)

ನೇಕಾರ: ಮಜೂರಿ ಎಷ್ಟ ಇಳೀಲಿ, ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಕೂಡಸೂದು ಬಿಡಂಗಿಲ್ರಿ. ಬಿಟ್ರ ಸೆರಗು ಕೈಯಾಗ ಬರತೈತಿ. ರೇಟು ಇಳದ್ರ ನೀವು ಏನ್ ಬಿಡ್ತೀರಿ?

ಡಾಕ್ಟರ್: ಸಿಸ್ಟರ್, ನಗದು ಪೇಷಂಟ್ ಯಾರದಾರ? ಮೊದ್ಲು ಅವರನ್ನ ಕಳಸ್ರಿ!