ಅವರು ಸೋತು ನಾವು ಗೆದ್ದರೆ

ವಿಶ್ವಕಪ್ ಫುಟ್‌ಬಾಲಿನ ಅರ್ಹತಾ ಸುತ್ತಿನಲ್ಲಿ ಭಾರತ ತನ್ನ ಗುಂಪಿಗೆ ಮೊದಲಿಗನಾಗಿ ಮುಖ್ಯ ಟೂರ್ನಿಗೆ ಟಿಕೆಟ್ ಪಡೆದದ್ದು ಒಂದೇ ಸಲ, 1950ರ ಬ್ರೆಜಿಲ್ ವಿಶ್ವಕಪ್ಪಿಗೆ. ಗುಂಪಿನಲ್ಲಿ ನಮ್ಮ ಜೊತೆ ಬರ್ಮಾ, ಇಂಡೋನೇಷ್ಯಾ, ಫಿಲಿಪೀನ್ಸ್ ಇದ್ದವು. ಮೂರೂ ದೇಶಗಳು ನಾವು ಬರುವುದಿಲ್ಲ ಎಂದುಬಿಟ್ಟವು. ಒಂದೂ ಪಂದ್ಯ ಆಡದೆ, ಯಾರ ಮೊಣಕಾಲೂ ತರಚದೆ, ನಾವು ಗೆದ್ದೆವು. ಆಮೇಲೆ ನಾವೂ ಹೋಗಲಿಲ್ಲ.

ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಎಂಬ ಕಥೆಯನ್ನು ನಮ್ಮ ಕಡೆ ಎಲ್ಲರೂ ಕೇಳಿರುತ್ತಾರೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲೇ ಆಡಿ ಫ್ರಾನ್ಸಿನೆದುರು 2-1ರಲ್ಲಿ ಸೋತದ್ದು ನಿಜ. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ಆದರೆ ಅದೇ ತಂಡದ ಶೈಲೇನ್ ಮನ್ನಾ ನಂತರದ ವರ್ಷಗಳಲ್ಲಿ ಹೇಳಿದ ಪ್ರಕಾರ, ಆಗ ನಮ್ಮವರಿಗೆ ಒಲಿಂಪಿಕ್ಸ್ ಒಂದೇ ದೊಡ್ಡದು. ವಿಶ್ವಕಪ್ಪನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೇ ಇಟ್ಟಿರಲಿಲ್ಲ. ನನ್ನನ್ನು ಕೇಳಿದರೆ 1950ರದೇ ಆದರ್ಶ ಗುಂಪು. ನಮ್ಮ ತಾಪತ್ರಯ ಶುರುವಾದದ್ದು ಎದುರಾಳಿಗಳು ಸಮಯಕ್ಕೆ ಸರಿಯಾಗಿ ಮೈದಾನಕ್ಕೆ ಬರತೊಡಗಿದ ಮೇಲೆ.

2026ರ ವಿಶ್ವಕಪ್ಪಿಗೆ ತಂಡಗಳ ಸಂಖ್ಯೆಯನ್ನು 32ರಿಂದ 48ಕ್ಕೆ ಏರಿಸಿದರು. ಏಷ್ಯಾಕ್ಕೆ ನೇರವಾಗಿ ಸಿಗುವ ಜಾಗ ನಾಲ್ಕಿದ್ದದ್ದು ಎಂಟಾಯಿತು. ಎಂಟರಲ್ಲಿ ಒಂದು ನಮಗಿರಲಾರದೇ ಎಂಬ ಆಸೆ ಬಡವನಿಗೂ ಬರುತ್ತದೆ. ಎರಡನೇ ಸುತ್ತಿನಲ್ಲಿ 36 ತಂಡಗಳು, ನಾಲ್ಕು ನಾಲ್ಕರ ಒಂಬತ್ತು ಗುಂಪು, ಪ್ರತಿ ಗುಂಪಿನಿಂದ ಇಬ್ಬರು ಮೂರನೇ ಸುತ್ತಿಗೆ. ಗಾಜಿನ ಬೋಗುಣಿಯಿಂದ ಚೀಟಿ ಎತ್ತಿದಾಗ ನಮಗೆ ಬಂದದ್ದು ‘ಎ’ ಗುಂಪು: ಕತಾರ್, ಕುವೈತ್, ಅಫ್ಘಾನಿಸ್ತಾನ. ನಾನು ಅದನ್ನು ಜಾತಕದ ಹಾಗೆ ತಿರುಗಿಸಿ ಮುರುಗಿಸಿ ನೋಡಿದೆ. ಕತಾರ್ ಏಷ್ಯಾ ಚಾಂಪಿಯನ್, ಶನಿಯ ಹಾಗೆ ಹಿಂದಿನ ವಿಶ್ವಕಪ್ಪಿನ ಅರ್ಹತಾ ಸುತ್ತಿನಿಂದಲೂ ನಮ್ಮ ಬೆನ್ನು ಹತ್ತಿದ್ದು, ಪರಿಹಾರ ಇಲ್ಲ. ಉಳಿದಿಬ್ಬರನ್ನು ದಾಟಿ ಎರಡನೆಯವರಾದರೆ ಸಾಕು. ಕೂಡಿ ಬರುತ್ತದೆ ಅನ್ನಿಸಿತು.

ನಮ್ಮ ಭಾವ ಉಡುಪಿ ಕಡೆಯವರು, ಬಹಳ ವರ್ಷದಿಂದ ಕುವೈತಿನಲ್ಲಿದ್ದಾರೆ. 2023ರ ನವೆಂಬರಿನಲ್ಲಿ ಮೊದಲ ಪಂದ್ಯ ಅಲ್ಲೇ. ಸ್ಟೇಡಿಯಮ್ಮಿನಿಂದಲೇ ಫೋನ್ ಮಾಡಿದರು. “ಎಂತದು ಭಾವ, ಎಲ್ಲಿ ನೋಡಿದರೂ ನಮ್ಮವರೇ ಮಾರಾಯ್ರೆ. ಕುವೈತಿನವರು ಪಾಪ ನೆಂಟರ ಮನೆಗೆ ಬಂದ ಹಾಗೆ ಮೂಲೆಯಲ್ಲಿ ಕೂತಿದ್ದಾರೆ!” ಮನ್ವೀರ್ ಸಿಂಗ್ ಗೋಲು ಹೊಡೆದು 1-0ರಲ್ಲಿ ಗೆದ್ದೆವು. ಪರದೇಶದಲ್ಲಿ ಮೂರು ಅಂಕ! ಆ ರಾತ್ರಿಯೇ ನಾನು ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಅದರ ಹಿಂಬದಿಯಲ್ಲಿ ಅಂಕಪಟ್ಟಿ ಬರೆಯಲು ಕೂತದ್ದು.

ಬೆಂಗಳೂರಿನಲ್ಲಿ ಬಾಳಿದವರಿಗೆ ಈ ವಿದ್ಯೆ ಕಲಿಸಬೇಕಾಗಿಲ್ಲ. ಆರ್‌ಸಿಬಿ ನಮಗೆ ಕಪ್ ಕೊಡಲು ಹದಿನೆಂಟನೇ ಸೀಸನ್ನಿನವರೆಗೆ ಕಾಯಿಸಿತೇ ಹೊರತು ಗಣಿತದಲ್ಲಿ ಯಾವ ವರ್ಷವೂ ಕೊರತೆ ಮಾಡಲಿಲ್ಲ. ಫುಟ್‌ಬಾಲಿನಲ್ಲಿ ಅದಕ್ಕಿಂತ ಸುಲಭ. ನೆಟ್ ರನ್‌ರೇಟಿನ ದಶಮಾಂಶಗಳ ಕಾಟವಿಲ್ಲ. ಗೋಲು ವ್ಯತ್ಯಾಸ, ಅಷ್ಟೇ. ಹೋಟೆಲಿನ ಬಿಲ್ಲು ಕೂಡಿಸಲಾಗದವನೂ ಮಾಡಬಹುದು.

ಆಮೇಲೆ ಭುವನೇಶ್ವರದಲ್ಲಿ ಕತಾರ್ 3-0ರಲ್ಲಿ ಸೋಲಿಸಿ ಹೋಯಿತು. ಅದು ಮೊದಲೇ ಲೆಕ್ಕದಲ್ಲಿತ್ತು. ಲೆಕ್ಕದಲ್ಲಿ ಇಲ್ಲದಿದ್ದವನು ಆಶ್ಲೇ ವೆಸ್ಟ್‌ವುಡ್. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? ಬೆಂಗಳೂರು ಎಫ್‌ಸಿಯ ಮೊದಲ ಕೋಚ್. ಹುಟ್ಟಿದ ಮೊದಲ ವರ್ಷವೇ, 2014ರಲ್ಲಿ, ಕ್ಲಬ್ಬಿಗೆ ಐ-ಲೀಗ್ ಗೆದ್ದುಕೊಟ್ಟು, 2016ರಲ್ಲಿ ಮತ್ತೊಮ್ಮೆ ಗೆಲ್ಲಿಸಿ, ಕಂಠೀರವದಲ್ಲಿ ನಮ್ಮಿಂದ ಚಪ್ಪಾಳೆ ಹೊಡೆಸಿಕೊಂಡ ಮನುಷ್ಯ. ಈಗ ಅಫ್ಘಾನಿಸ್ತಾನದ ಕೋಚ್ ಆಗಿ ಎದುರು ನಿಂತಿದ್ದ! ನಮ್ಮ ನಾಯಕ ಸುನಿಲ್ ಛೆಟ್ರಿಯ ಎಡಗಾಲು ಬಲಗಾಲು ಎರಡರ ಗುಟ್ಟನ್ನೂ ಬಲ್ಲವನು. ಅಫ್ಘಾನಿಸ್ತಾನಕ್ಕೆ ತವರಿನಲ್ಲಿ ಆಡುವ ಭಾಗ್ಯವಿಲ್ಲ. ಅವರ ‘ತವರು’ ಪಂದ್ಯ ಸೌದಿಯ ಅಭಾದಲ್ಲಿ ನಡೆಯಿತು, 0-0. ಐದು ದಿನದೊಳಗೆ, 2024ರ ಮಾರ್ಚ್ 26ರಂದು, ಗುವಾಹಟಿಯಲ್ಲಿ ಮರುಪಂದ್ಯ. ಛೆಟ್ರಿಗೆ 150ನೆಯ ಅಂತಾರಾಷ್ಟ್ರೀಯ ಪಂದ್ಯ. ಪೆನಾಲ್ಟಿಯಲ್ಲಿ ಗೋಲು ಹೊಡೆದು ಮುನ್ನಡೆಯನ್ನೂ ಕೊಟ್ಟರು. ಅಫ್ಘಾನಿಸ್ತಾನ ಎರಡು ಹೊಡೆದು ಗೆದ್ದಿತು. ತಾಲಿಬಾನಿನ ಕೆಳಗಿರುವ, ಆಡಲು ಸ್ವಂತ ಮೈದಾನವೂ ಇಲ್ಲದ ತಂಡ ನಮ್ಮನ್ನು ನಮ್ಮ ಮನೆಯಲ್ಲೇ ಸೋಲಿಸಿದ್ದಕ್ಕೆ ಯಾರನ್ನು ಬೈಯುವುದು? ಬೈಯಲು ಹೋದರೆ ಬೆಂಗಳೂರಿನ ಉಪ್ಪು ತಿಂದವನನ್ನೇ ಬೈಯಬೇಕು. ನಮ್ಮ ಉಪ್ಪಿನ ಗುಣ ಅದಾಗಿದ್ದರೆ ನಮ್ಮವರಿಗೇ ಇನ್ನೊಂದಿಷ್ಟು ಹಾಕಬಹುದಿತ್ತು.

ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ಎದುರು 0-0. ಛೆಟ್ರಿಯ ವಿದಾಯ ಅಂದು. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ಮರು ವರ್ಷ ಅವರನ್ನೇ ಮತ್ತೆ ಕರೆಸಿಕೊಂಡರು; ನಿವೃತ್ತರಿಲ್ಲದೆ ಫೈಲು ಮುಂದೆ ಹೋಗದಿರುವುದು ಸರ್ಕಾರಿ ಇಲಾಖೆಯಲ್ಲಿ ಮಾತ್ರ ಅಲ್ಲ ಎಂದು ಆಗ ತಿಳಿಯಿತು.

ಉಳಿದದ್ದು ಕೊನೆಯ ದಿನ, ಜೂನ್ 11. ಕ್ಯಾಲೆಂಡರಿನ ಹಾಳೆ ಆ ಹೊತ್ತಿಗೆ ಪಂಚಾಂಗದಂತಾಗಿತ್ತು. ಕತಾರ್ ಆಗಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು. ನಮಗೆ 5 ಅಂಕ, ಅಫ್ಘಾನಿಸ್ತಾನಕ್ಕೆ 5, ಕುವೈತಿಗೆ 4. ನಾವು ದೋಹಾದಲ್ಲಿ ಕತಾರನ್ನು ಗೆದ್ದರೆ ಚಿಂತೆಯೇ ಇಲ್ಲ. ಡ್ರಾ ಮಾಡಿಕೊಂಡರೆ, ಅತ್ತ ಕುವೈತ್–ಅಫ್ಘಾನಿಸ್ತಾನವೂ ಡ್ರಾ ಆಗಬೇಕು. ಆಗ ನಮಗೂ ಅಫ್ಘಾನಿಸ್ತಾನಕ್ಕೂ ಸಮ ಅಂಕ. ಆದರೆ ಅವರು ಮೊದಲೇ ಕತಾರಿನಿಂದ 8-1ರಲ್ಲಿ ತಿಂದಿದ್ದರಿಂದ ಗೋಲು ವ್ಯತ್ಯಾಸದಲ್ಲಿ ನಾವೇ ಮೇಲೆ. ಎಂಟು ಗೋಲು ಹೊಡೆದ ಕತಾರಿನ ಮೇಲೆ ನನಗೆ ಅಂದು ತಡವಾಗಿ ಅಭಿಮಾನ ಉಕ್ಕಿತು.

ಟೀವಿಯಲ್ಲಿ ದೋಹಾ, ಮೊಬೈಲಿನಲ್ಲಿ ಕುವೈತ್. “ನಮ್ಮವರು ಆಡುತ್ತಿರುವುದು ಟೀವಿಯಲ್ಲಿ ತಾನೇ? ನೀವು ಯಾಕೆ ಫೋನನ್ನೇ ನೋಡುತ್ತಿದ್ದೀರಿ?” ಎಂದು ಹೆಂಡತಿ ಕೇಳಿದಳು. ನಮ್ಮ ಹಣೆಬರಹ ಫೋನಿನಲ್ಲಿದೆ ಎಂದು ವಿವರಿಸಲು ಹೋದರೆ ಟೀವಿಯಲ್ಲಿ ನಮ್ಮ ಛಾಂಗ್ಟೆ ಗೋಲು ಹೊಡೆದ! ದೋಹಾದಲ್ಲಿ ಭಾರತ 1, ಕತಾರ್ 0. ಕತಾರ್ ಹುಡುಗರನ್ನು ಇಳಿಸಿತ್ತು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

73ನೇ ನಿಮಿಷದಲ್ಲಿ ಚೆಂಡು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಬಳಿಯಿಂದ ಉರುಳಿ ಗೋಲ್‌ಲೈನ್ ದಾಟಿ ಹೊರಗೆ ಹೋಯಿತು. ಹೋದದ್ದು ನಮ್ಮ ಮನೆಯ ಸೋಫಾದಿಂದ ಕಾಣಿಸಿತು, ಅಡುಗೆಮನೆಯ ಬಾಗಿಲಿನಿಂದಲೂ ಕಾಣಿಸಿತು. ಅಲ್ಲೇ ನಿಂತಿದ್ದವರಿಗೆ ಕಾಣಿಸಲಿಲ್ಲ. ಕತಾರಿನ ಆಟಗಾರನೊಬ್ಬ ಅದನ್ನು ಕಾಲಿನಿಂದ ಒಳಗೆಳೆದ, ಯೂಸುಫ್ ಅಯ್ಮನ್ ಬಲೆಗೆ ತಳ್ಳಿದ. ಗೋಲು! ಈ ಸುತ್ತಿನಲ್ಲಿ ವಿಎಆರ್ ಇರಲಿಲ್ಲ; ವಿಡಿಯೋ ನೋಡಿ ತೀರ್ಪು ತಿದ್ದುವ ಅವಕಾಶವೇ ಇಲ್ಲ. ಹಣ ತುಂಬಿ ತುಳುಕುವ ದೋಹಾದಲ್ಲಿ ಒಂದು ಕ್ಯಾಮೆರಾಕ್ಕೆ ಬರ ಬಂದಿತ್ತು. 85ನೇ ನಿಮಿಷಕ್ಕೆ ಇನ್ನೊಂದು ಗೋಲು. ಫೋನಿನಲ್ಲೂ ಕುವೈತ್ 1-0ರಲ್ಲಿ ಗೆದ್ದಾಗಿತ್ತು. ನಮ್ಮ ಫುಟ್‌ಬಾಲ್ ಫೆಡರೇಶನ್ ದೂರು ಕೊಟ್ಟಿತು. ಒಂದು ವಾರದೊಳಗೆ ಕೋಚ್ ಸ್ಟಿಮಾಚ್ ಅವರನ್ನು ಮನೆಗೆ ಕಳಿಸಿತು. ಅಂಕಪಟ್ಟಿ ಮಾತ್ರ ಕದಲಲಿಲ್ಲ: ಕತಾರ್ 16, ಕುವೈತ್ 7, ನಾವು 5, ಅಫ್ಘಾನಿಸ್ತಾನ 5. ಗೋಲು ವ್ಯತ್ಯಾಸದಲ್ಲಿ ನಾವೇ ಮೇಲೆ ಎಂಬ ನನ್ನ ಲೆಕ್ಕ ಅಲ್ಲಿಗೆ ಪೂರ್ತಿ ಸರಿಯಾಗಿತ್ತು.

ಭಾವ ಮರುದಿನ ಫೋನ್ ಮಾಡಿ, “ಬೇಜಾರು ಮಾಡಬೇಡಿ ಭಾವ, ಹೇಗೂ ನಮ್ಮವರು ಹೋದರಲ್ಲ” ಎಂದರು. ನಮ್ಮವರು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಸಂಬಳ ದಿನಾರಿನಲ್ಲಿ ಬರುವವರ ಜೊತೆ ಅಂಥ ಚರ್ಚೆ ಬೇಡ.

ಮೂರನೇ ಸುತ್ತಿನಲ್ಲಿ ಕುವೈತಿಗೆ ಸಿಕ್ಕಿದ ಗುಂಪಿನಲ್ಲಿ ದಕ್ಷಿಣ ಕೊರಿಯಾ, ಜೋರ್ಡಾನ್, ಇರಾಕ್ ಎಲ್ಲ ಇದ್ದವು. ಹತ್ತು ಪಂದ್ಯ ಆಡಿ ಕುವೈತ್ ಒಂದನ್ನೂ ಗೆಲ್ಲಲಿಲ್ಲ, ಕೊನೆಯ ಸ್ಥಾನ. ಅದು ಇನ್ನೂ ನಡೆಯುತ್ತಿದ್ದಾಗ ಒಂದು ರಾತ್ರಿ ಭಾವನ ಫೋನ್ ಬಂತು. ದನಿ ತಗ್ಗಿತ್ತು. “ಅಲ್ಲ ಭಾವ, ಇರಾಕ್ ಸೋತು, ಪ್ಯಾಲೆಸ್ಟೀನ್ ಡ್ರಾ ಮಾಡಿಕೊಂಡು, ನಾವು ಗೆದ್ದರೆ ಎಂತ ಆಗ್ತದೆ? ನಿಮ್ಮ ಆ ಕ್ಯಾಲೆಂಡರಿನ ಹಾಳೆ ಉಂಟಲ್ಲ, ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡಿ ಮಾರಾಯ್ರೆ.”