ಗುಲಾಬಿ ಅಪಚಾರ

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಸಿಂಡ್ರೆಲಾಳ ಅರಮನೆ ಇದೆ. ಅದರಲ್ಲಿ ರಾಜನಿಲ್ಲ, ರಾಣಿಯಿಲ್ಲ, ಗೋಡೆಯಲ್ಲಿ ಒಂದೇ ಒಂದು ಇಟ್ಟಿಗೆಯೂ ಇಲ್ಲ. ಒಳಗೆ ಉಕ್ಕಿನ ಚೌಕಟ್ಟು, ನಡುವೆ ಕಾಂಕ್ರೀಟು, ಮೇಲೆ ಫೈಬರ್‌ಗ್ಲಾಸು. ಎತ್ತರ 189 ಅಡಿ. ಅಲ್ಲಿಗೇ ಯಾಕೆ ನಿಂತಿತು ಎಂದರೆ, 200 ಅಡಿ ಮುಟ್ಟಿದರೆ ವಿಮಾನಗಳಿಗೆ ಕಾಣುವಂತೆ ನೆತ್ತಿಯ ಮೇಲೆ ಕೆಂಪು ದೀಪ ಇಡಬೇಕಾಗುತ್ತಿತ್ತು. ರಾಜಕುಮಾರಿಯ ಮನೆಯ ಮೇಲೆ ಮಿಣಿಮಿಣಿ ದೀಪ ಚೆನ್ನಾಗಿರುವುದಿಲ್ಲವಲ್ಲ. ಹಾಗಂತ ಕುಳ್ಳಗೆ ಕಾಣಬಾರದು. ಅದಕ್ಕೆ ಮೇಲೆ ಹೋದಂತೆ ಕಲ್ಲು, ಕಿಟಕಿಗಳನ್ನೆಲ್ಲ ಚಿಕ್ಕದು ಮಾಡುತ್ತ ಹೋದರು. ಕೆಳಗೆ ನಿಂತು ಕತ್ತೆತ್ತಿದವನಿಗೆ ಗೋಪುರ ಮುಗಿಲಿಗೇ ತಗುಲಿದ ಹಾಗೆ ಕಾಣುತ್ತದೆ. ಬುಡದಿಂದ ತುದಿಯವರೆಗೆ ಕಣ್ಕಟ್ಟು, ಅದೂ ಬಹಳ ಚೆಂದದ ಕಣ್ಕಟ್ಟು.

ಇಂಥ ಅರಮನೆಯ ಪಾವಿತ್ರ್ಯಕ್ಕೆ ಧಕ್ಕೆ ಬಂದದ್ದು 1996ರ ಅಕ್ಟೋಬರಿನಲ್ಲಿ. ಅರಮನೆ ಇರುವ ಉದ್ಯಾನ ಬಾಗಿಲು ತೆರೆದು ಆಗ 25 ವರ್ಷ ತುಂಬಿತ್ತು. ಹುಟ್ಟುಹಬ್ಬಕ್ಕೆ ಕೇಕು ಬೇಕು. ಕೇಕನ್ನು ಅರಮನೆಯ ಮುಂದೆ ಇಡುವುದು ಸಾಮಾನ್ಯರ ಕೆಲಸ, ಅರಮನೆಯನ್ನೇ ಕೇಕು ಮಾಡಿದರೆ ಹೇಗೆ ಎಂದು ಯಾವುದೋ ಮೀಟಿಂಗಿನಲ್ಲಿ ಯಾರಿಗೋ ಹೊಳೆದಿರಬೇಕು. ಅಂಥ ಹೊಳಹು ಬಂದಾಗ ಮೇಜಿನ ಸುತ್ತ ಕೂತವರಲ್ಲಿ ಒಬ್ಬನಾದರೂ ಕೆಮ್ಮಬೇಕಿತ್ತು. ಯಾರೂ ಕೆಮ್ಮಿದಂತೆ ಕಾಣುವುದಿಲ್ಲ. 400 ಗ್ಯಾಲನ್ನಿಗೂ ಮೇಲೆ, ಅಂದರೆ ಸುಮಾರು 1,500 ಲೀಟರ್ ಗುಲಾಬಿ ಬಣ್ಣ ಬಂತು. ಗೋಡೆಗಳ ಅಂಚಿಗೆ ಗಾಳಿ ತುಂಬಿದ ಐಸಿಂಗ್ ಸುತ್ತಿದರು. ಗೋಪುರಗಳ ಮೇಲೆ 26 ಮೇಣದ ಬತ್ತಿ, ಒಂದೊಂದೂ ಎರಡು ಅಂತಸ್ತಿಗಿಂತ ಕಡಿಮೆಯಿಲ್ಲ. ವಯಸ್ಸು 25, ಬತ್ತಿ 26. ಒಂದು ಮುಂದಿನ ವರ್ಷಕ್ಕೆ ಮುಂಗಡ ಇದ್ದೀತು. ಆಳೆತ್ತರದ ಪೆಪ್ಪರ್‌ಮಿಂಟು, ಲಾಲಿಪಾಪು, ಸಕ್ಕರೆ ಕರಡಿ ಎಲ್ಲವನ್ನೂ ಗೋಡೆಗೆ ಮೆತ್ತಿದರು. ನಮ್ಮ ಅಯ್ಯಂಗಾರ್ ಬೇಕರಿಯ ಗಾಜಿನ ಕಪಾಟಿನಲ್ಲಿ ಬೆಣ್ಣೆ ಗುಲಾಬಿ ಹೊತ್ತು ಕೂತಿರುತ್ತದಲ್ಲ, ಅರ್ಧ ಕಿಲೋ ಕೇಕು, ಅದನ್ನು ಹದಿನೆಂಟು ಅಂತಸ್ತಿನ ಎತ್ತರಕ್ಕೆ ಹಿಗ್ಗಿಸಿ ಬಿಸಿಲಿಗೆ ಇಟ್ಟ ಹಾಗೆ.

ಆ ವರ್ಷದ ಘೋಷವಾಕ್ಯ 'ರಿಮೆಂಬರ್ ದ ಮ್ಯಾಜಿಕ್'. ನೆನಪಿಸಿಕೊಂಡೇ ನೋಡಬೇಕಿತ್ತು, ಕಣ್ಣಿಗಂತೂ ಅದು ಕಾಣುತ್ತಿರಲಿಲ್ಲ.

ಬಂದವರು ಬಾಯಿ ಬಡಿದುಕೊಂಡರು. ಮಕ್ಕಳು ಕುಣಿದಾಡಿದವು ಎಂಬುದು ನಿಜ. ಮಕ್ಕಳಿಗೆ ಕೇಕು ಅರಮನೆಗಿಂತ ದೊಡ್ಡದು, ಅದರಲ್ಲಿ ತಪ್ಪೂ ಇಲ್ಲ. ಗೋಳಾಡಿದ್ದು ಮಕ್ಕಳನ್ನು ಕರೆತಂದ ದೊಡ್ಡವರು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ರಜೆ ಹೊಂದಿಸಿ, ಜೀವನದಲ್ಲಿ ಒಂದೇ ಸಲ ಎಂದು ಬಂದವರು ಅವರು. ತಾವು ಮಗುವಾಗಿದ್ದಾಗ ಟೀವಿಯಲ್ಲಿ ನೋಡಿದ ಬೂದು ಗೋಡೆ, ನೀಲಿ ಮಾಡು ಹುಡುಕಿಕೊಂಡು ಬಂದರೆ ಎದುರಿಗೆ ಪೆಪ್ಪರ್‌ಮಿಂಟಿನ ಅಂಗಡಿ.

ಎಲ್ಲರಿಗಿಂತ ಹೆಚ್ಚು ಉರಿದದ್ದು ಮದುಮಗಳಿಗೆ. ಅದಕ್ಕೊಂದು ಹಿನ್ನೆಲೆ ಇದೆ. 1995ರಲ್ಲಿ ಡಿಸ್ನಿ ಕಂಪನಿ ಉದ್ಯಾನದ ಎದುರಿನ ಕೊಳದ ಆಚೆ ದಂಡೆಯಲ್ಲಿ ಒಂದು ಮದುವೆ ಮಂಟಪ ಕಟ್ಟಿಸಿತ್ತು. ಆ ಮಂಟಪದ ಗುಟ್ಟೆಲ್ಲ ವಧೂವರರು ನಿಲ್ಲುವ ಜಾಗದ ಹಿಂದಿನ ಕಿಟಕಿಯಲ್ಲಿದೆ. ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಇಬ್ಬರ ನಡುವೆ, ನೀರಿನಾಚೆ, ಚೌಕಟ್ಟು ಹಾಕಿಸಿದ ಚಿತ್ರದಂತೆ ಅರಮನೆ ಕಾಣಬೇಕು. ಜನ ಹಣ ಸುರಿಯುವುದೇ ಆ ಕಿಟಕಿಗೆ. ಮರುವರ್ಷವೇ ಅದರಲ್ಲಿ ಗುಲಾಬಿ ಕೇಕು ಬಂದು ಕೂತಿತು. ಎಷ್ಟೋ ತಿಂಗಳು ಮೊದಲೇ ಮುಹೂರ್ತ ಇಟ್ಟವರ ಗತಿ? ಮೂರಡಿ ಕೇಕು ಕತ್ತರಿಸುತ್ತಿರುವ ಮದುಮಗಳ ಬೆನ್ನ ಹಿಂದೆ 189 ಅಡಿಯ ಇನ್ನೊಂದು ಕೇಕು, ಮೇಲೆ ಬತ್ತಿಗಳ ಸಾಲು. ಮದುವೆಯ ಆಲ್ಬಮ್ ಯಾರ ಕೈಗೆ ಕೊಟ್ಟರೂ ಮೊದಲ ಪ್ರಶ್ನೆ ಯಾರ ಬರ್ತ್‌ಡೇ ಎಂದು. ಕಂಪನಿಯ ಕಡೆಯಿಂದ ಉತ್ತರ ಸಿದ್ಧವಿತ್ತು, ನಮ್ಮದೇ. ಮದುವೆ ಅವರದು, ಖರ್ಚು ಅವರದು, ಹುಟ್ಟುಹಬ್ಬ ಕಂಪನಿಯದು.

ನಮ್ಮವರೂ ಈ ಗುಲಾಬಿಗೆ ಸಿಕ್ಕಿದ್ದಾರೆ. ಕಂಪ್ಯೂಟರುಗಳ ವೈಟುಕೆ ಕೆಲಸ ಹಿಡಿದು ಬೆಂಗಳೂರಿನಿಂದ ಹುಡುಗರು ಗುಂಪುಗುಂಪಾಗಿ ಅಮೆರಿಕಕ್ಕೆ ಹಾರುತ್ತಿದ್ದ ಕಾಲ ಅದು. 36 ಫೋಟೊಗಳ ರೀಲು, ಒಂದೊಂದು ಕ್ಲಿಕ್ಕಿಗೂ ಲೆಕ್ಕ. ಅದರಲ್ಲಿ ನಾಲ್ಕು ಅರಮನೆಗೆ ಮೀಸಲು. ತೊಳೆಸಿ, ಕವರಿಗೆ ಹಾಕಿ, ಜಯನಗರಕ್ಕೋ ಮಲ್ಲೇಶ್ವರಕ್ಕೋ ಕಳಿಸಿದರೆ ಮನೆಯಲ್ಲಿ ಅಮ್ಮ ಕನ್ನಡಕ ಏರಿಸಿ ಕೇಳಿರಬೇಕು, "ಇದೇನೋ, ಅಷ್ಟು ದೂರ ಹೋಗಿ ಬೇಕರಿ ಮುಂದೆ ನಿಂತಿದೀಯಲ್ಲೋ? ಸರಿಯಾಗಿ ಊಟ ಮಾಡ್ತಿದೀಯಾ?" ಅಪ್ಪ ಫೋಟೊ ತಿರುಗಿಸಿ ನೋಡಿ, "ಅರಮನೆ ಅಂತ ಬರ್ದಿದಾನೆ ಕಣೇ" ಎಂದು ಸಮಾಧಾನ ಹೇಳಿರಬೇಕು. ಮೈಸೂರು ಅರಮನೆ ನೋಡಿದ ಮನೆಗೆ ಕೇಕನ್ನು ಅರಮನೆ ಎಂದು ಒಪ್ಪಿಸುವುದು ಸುಲಭವಲ್ಲ.

ಇಷ್ಟಕ್ಕೂ ಜನ ಕಾಪಾಡಲು ಹೊರಟದ್ದು ಏನನ್ನು? 'ಮೂಲ ರೂಪ' ಹಾಳಾಯಿತು ಎಂದರು. ಮೂಲದ ವಂಶಾವಳಿ ಒಮ್ಮೆ ಬಿಚ್ಚೋಣ. ಈ ಅರಮನೆಗೆ ಫ್ರಾನ್ಸಿನ ಹಲವು ಅರಮನೆಗಳ ಜೊತೆ ಬವೇರಿಯಾದ ನೋಯ್‌ಶ್ವಾನ್‌ಸ್ಟೈನ್ ಕೂಡ ಮಾದರಿ. ಅದನ್ನು 1869ರಲ್ಲಿ ಕಟ್ಟಿಸಲು ಹೊರಟ ಎರಡನೇ ಲುಡ್‌ವಿಗ್ ದೊರೆಗೆ ಯುದ್ಧದ ಭಯವಿರಲಿಲ್ಲ, ಮಧ್ಯಯುಗದ ಹುಚ್ಚಿತ್ತು. ನಕ್ಷೆ ಬರೆದವನು ನಾಟಕದ ರಂಗಸಜ್ಜಿಕೆ ಮಾಡುತ್ತಿದ್ದ ಕ್ರಿಸ್ಟಿಯನ್ ಯಾಂಕ್. 1886ರ ಜೂನಿನಲ್ಲಿ ದೊರೆ ಸತ್ತ. ಎರಡು ತಿಂಗಳು ಕಳೆಯುವುದರೊಳಗೆ ಬಾಗಿಲಲ್ಲಿ ಟಿಕೆಟ್ ಮಾರಾಟ ಶುರುವಾಯಿತು. ಅಂದರೆ ಮೂಲವೂ ನಾಟಕದ ಪರದೆ, ಮೂಲಕ್ಕೂ ಟಿಕೆಟ್ಟು. ಅದರ ಫೈಬರ್‌ಗ್ಲಾಸ್ ನಕಲಿಗೆ ಬಣ್ಣ ಬಳಿದರೆಂದು ಪರಂಪರೆ ಹೋಯಿತು ಎಂದು ಎದೆ ಬಡಿದುಕೊಳ್ಳುವವರನ್ನು ಕಂಡರೆ ಲುಡ್‌ವಿಗ್ ದೊರೆಗೆ ಬಹಳ ಖುಷಿಯಾಗುತ್ತಿತ್ತು. ತನ್ನಂಥವರು ಇನ್ನೂ ಇದ್ದಾರಲ್ಲ ಎಂದು.

ಹಾಗಂತ ಅರಮನೆಯಲ್ಲಿ ಅಸಲಿ ಏನೂ ಇಲ್ಲವೆಂದಲ್ಲ. ನಡುವಿನ ಕಮಾನಿನೊಳಗೆ, ನಡೆದುಹೋಗುವ ದಾರಿಯ ಗೋಡೆಯ ಮೇಲೆ, ಸಿಂಡ್ರೆಲಾಳ ಕತೆ ಹೇಳುವ ಐದು ಮೊಸಾಯಿಕ್ ಚಿತ್ರಗಳಿವೆ. ಡೊರೊಥಿಯಾ ರೆಡ್ಮಂಡ್ ಎಂಬ ಕಲಾವಿದೆ ಬರೆದದ್ದು. ಲಕ್ಷಗಟ್ಟಲೆ ಗಾಜಿನ ಚೂರುಗಳು, ನಡುನಡುವೆ ನಿಜವಾದ ಚಿನ್ನ, ಬೆಳ್ಳಿ. ಆ ಚೂರುಗಳನ್ನು ಜೋಡಿಸಿದವನು ಹಾನ್ಸ್ ಶಾರ್ಫ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯಲ್ಲಿದ್ದು, ಸೆರೆ ಸಿಕ್ಕ ಶತ್ರು ಪೈಲಟ್‌ಗಳನ್ನು ಹೊಡೆಯದೆ ಬಡಿಯದೆ, ಅವರೊಡನೆ ಹರಟುತ್ತಲೇ ಗುಟ್ಟು ಹೊರಡಿಸುತ್ತಿದ್ದ ವಿಚಾರಣೆಗಾರ. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದು ಮೊಸಾಯಿಕ್ ಕೆಲಸ ಹಿಡಿದ. ಇಡೀ ಉದ್ಯಾನದಲ್ಲಿ ಕೂತು ನೋಡಬೇಕಾದ್ದು ಏನಾದರೂ ಇದ್ದರೆ ಇದು. ಸಿಂಡ್ರೆಲಾಳ ಇಬ್ಬರು ಮಲಅಕ್ಕಂದಿರ ಕೆನ್ನೆಗೆ ಬೇರೆಬೇರೆ ಬಣ್ಣದ ಗಾಜು ಹಾಕಿದ್ದಾರೆ, ಒಬ್ಬಳ ಮುಖ ಕೋಪಕ್ಕೆ ಕೆಂಪು, ಇನ್ನೊಬ್ಬಳದು ಹೊಟ್ಟೆಯುರಿಗೆ ಹಸಿರು. ಗುಲಾಬಿಯ ಗಲಾಟೆ ನಡೆದ ಹದಿನೈದು ತಿಂಗಳೂ ಅದು ಅಲ್ಲೇ ಇತ್ತು. ಮೂಲ ಹೋಯಿತೆಂದು ಗೋಳಾಡಿದವರಲ್ಲಿ ಎಷ್ಟು ಮಂದಿ ಅದರ ಮುಂದೆ ನಿಂತರೋ. ಆ ಕಮಾನು ಬಹುಪಾಲು ಜನಕ್ಕೆ ಆಚೆಯ ಆಟಕ್ಕೆ ಹೋಗುವ ಒಳದಾರಿ, ಬಿಸಿಲಿದ್ದಾಗ ನೆರಳು, ಅಷ್ಟೇ.

ಕೊನೆಗೆ 1998ರ ಆರಂಭದಲ್ಲಿ ಕೇಕು ಕರಗಿತು. ಅರಮನೆ ಮತ್ತೆ ಬೂದಾಯಿತು, ಜನ ಉಸಿರು ಬಿಟ್ಟರು. ಕಂಪನಿ ಪಾಠ ಕಲಿಯಿತು ಎಂದುಕೊಂಡರೆ, ಕಲಿತದ್ದು ಬೇರೆ ಪಾಠ. 2004ರ ನವೆಂಬರಿನಲ್ಲಿ ಸ್ಟಿಚ್ ಎಂಬ ಪುಂಡ ಪಾತ್ರದ ಹೊಸ ಆಟ ಶುರುವಾದಾಗ, ಅವನೇ ಬಂದು ಗಲಾಟೆ ಮಾಡಿಹೋದ ಎಂದು ತೋರಿಸಲು ಅರಮನೆಗೆ ಟಾಯ್ಲೆಟ್ ಪೇಪರ್ ಸುತ್ತಿ, ಗೋಡೆಯ ಮೇಲೆ 'ಸ್ಟಿಚ್ ರಾಜ' ಎಂದು ಗೀಚಿದ್ದರು. ಅಮೆರಿಕಕ್ಕೆ ಬಂದಿಳಿದ ನಮ್ಮ ಹಿರಿಯರ ಮೊದಲ ದೂರೇ ಈ ಪೇಪರಿನ ಮೇಲೆ. ಬಚ್ಚಲಲ್ಲೇ ಅದನ್ನು ಒಪ್ಪದವರಿಗೆ ಅರಮನೆಯ ಗೋಪುರದಲ್ಲಿ ಅದನ್ನು ತೋರಿಸಿದರೆ? ಪುಣ್ಯಕ್ಕೆ ಅದು ಬೇಗ ಇಳಿಯಿತು.

ಬೇಗ ಇಳಿಯದೆ ಉಳಿದವೂ ಇವೆ. ಪಕ್ಕದ ಎಪ್‌ಕಾಟ್ ಉದ್ಯಾನದ ದೊಡ್ಡ ಬಿಳಿ ಗೋಲದ ಮೇಲೆ, ಹೊಸ ಸಹಸ್ರಮಾನದ ನೆಪದಲ್ಲಿ, ಮಂತ್ರದಂಡ ಹಿಡಿದ ಮಿಕ್ಕಿಯ ಕೈಯನ್ನು ನಿಲ್ಲಿಸಿ 2000 ಎಂದು ಬರೆದರು. ಸಹಸ್ರಮಾನ ಬಂದು ಕೂತಿತು, ಕೈ ಮಾತ್ರ ಇಳಿಯಲಿಲ್ಲ. 2000 ತೆಗೆದು ಎಪ್‌ಕಾಟ್ ಎಂದು ಬರೆದರು. 2007ರವರೆಗೆ ಆ ಕೈ ಅಲ್ಲೇ ಇತ್ತು. ಇನ್ನೊಂದು ಉದ್ಯಾನದಲ್ಲಿ, ಹಾಲಿವುಡ್ಡಿನ ಹಳೆಯ ಚೈನೀಸ್ ಥಿಯೇಟರಿನ ನಕಲಿಗೆ ಅಡ್ಡವಾಗಿ, 2001ರಲ್ಲಿ ವಾಲ್ಟ್ ಡಿಸ್ನಿಯ ಜನ್ಮಶತಮಾನೋತ್ಸವಕ್ಕೆಂದು 122 ಅಡಿಯ ಮಾಂತ್ರಿಕನ ಟೋಪಿ ತಂದಿಟ್ಟರು. ಶತಮಾನೋತ್ಸವ ಮುಗಿಯಿತು, ಟೋಪಿಯ ಬುಡದಲ್ಲಿ ಪಿನ್ನು ಮಾರುವ ಅಂಗಡಿಗೆ ವ್ಯಾಪಾರ ಕುದುರಿತು. ಟೋಪಿ ಹೋದದ್ದು 2015ಕ್ಕೆ. 'ತಾತ್ಕಾಲಿಕ' ಎಂದು ಯಾರಾದರೂ ಹೇಳಿದ ತಕ್ಷಣ ಎಷ್ಟು ದಿನ ಎಂದು ಕೇಳಬೇಕು ಎನ್ನುವುದಕ್ಕೆ ಸರ್ಕಾರಿ ಕಚೇರಿಯೇ ಆಗಬೇಕೆಂದಿಲ್ಲ.

ಅಷ್ಟು ವರ್ಷ ಟೋಪಿಗೆ ಹಿಡಿಶಾಪ ಹಾಕಿದವರಿದ್ದರು. ತೆಗೆಯುವ ದಿನ ಬಂದಾಗ ಕಣ್ಣೊರೆಸಿಕೊಂಡವರೂ ಇದ್ದರು. ಅವರ ಬಾಲ್ಯದಲ್ಲಿ ಆ ಟೋಪಿಯೇ ಇತ್ತು, ಅದರ ಹಿಂದಿದ್ದ ಥಿಯೇಟರನ್ನು ಅವರು ನೆಟ್ಟಗೆ ಕಂಡೇ ಇರಲಿಲ್ಲ. ಕೇಕಿನ ಅರಮನೆಗೂ ಇದೇ ಆಯಿತು. 1996ರಲ್ಲಿ ಕುಣಿದಾಡಿದ ಮಕ್ಕಳು ಬೆಳೆದು, ಸಂಬಳ ಎಣಿಸಿ, ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಅವರ ಕಣ್ಣಿಗೆ ಗುಲಾಬಿಯೇ ಮೂಲ. ಆ ಕೇಕಿನ ಚಿತ್ರವಿದ್ದ ಪಿನ್ನು, ಅಂಗಿಗಳು ಸಂಗ್ರಾಹಕರ ಪೆಟ್ಟಿಗೆ ಸೇರಿವೆ. ಅಪ್ಪ ಬೈದ ವಸ್ತುವನ್ನು ಮಗ ದುಡ್ಡು ಕೊಟ್ಟು ಹುಡುಕುತ್ತಾನೆ. ಕಂಪನಿ ಕಲಿತ ಪಾಠ ಇದೇ. ಕಾಲು ಶತಮಾನ ಕಾದರೆ ಯಾವ ಎಡವಟ್ಟೂ ನೆನಪಾಗಿ ಹಣ್ಣಾಗುತ್ತದೆ, ಆಮೇಲೆ ಕಿತ್ತು ಮಾರಬಹುದು.

ಆದ್ದರಿಂದ 2020ರಲ್ಲಿ, ಮುಂದಿನ ವರ್ಷ ಬರಲಿದ್ದ ಐವತ್ತಕ್ಕೆಂದು, ಮತ್ತೆ ಗುಲಾಬಿ ಡಬ್ಬ ತೆರೆದರು. ಈ ಸಲ ಸಂಭಾವಿತ ಗುಲಾಬಿ, ಚಿನ್ನದ ಅಂಚು, ಗಾಢ ನೀಲಿ ಮಾಡು. ಲೋಕವೆಲ್ಲ ಕೊರೊನಾಕ್ಕೆ ಬಾಗಿಲು ಹಾಕಿಕೊಂಡು, ನಾಲ್ಕು ತಿಂಗಳ ಮೇಲೆ ಜುಲೈಯಲ್ಲಿ ಉದ್ಯಾನ ತೆರೆದಾಗ, ಮೂಗು ಬಾಯಿ ಮುಚ್ಚಿಕೊಂಡು ಒಳಗೆ ಬಂದ ಜನ ಮಾಸ್ಕಿನೊಳಗಿಂದಲೇ ಮೂಗು ಮುರಿದರು. ಜೀವ ಉಳಿದರೆ ಸಾಕು ಎಂದುಕೊಂಡಿದ್ದ ಕಾಲದಲ್ಲಿ ಗೋಡೆಯ ಬಣ್ಣಕ್ಕೆ ಸಿಟ್ಟಾಗುವುದು ಸಾಧ್ಯವಾಯಿತಲ್ಲ, ಮನುಷ್ಯಕುಲದ ಮೇಲೆ ನನಗೆ ನಂಬಿಕೆ ಹೆಚ್ಚಿದ್ದು ಆಗಲೇ. 2025ರಲ್ಲಿ ಕಂಪನಿ ಹಳೆಯ ಬೂದು, ಕೆನೆ, ನೀಲಿಗೇ ಮರಳುತ್ತೇವೆ ಎಂದು ಪ್ರಕಟಿಸಿತು. ಚಪ್ಪಾಳೆಯೋ ಚಪ್ಪಾಳೆ. ಇದ್ದದ್ದನ್ನು ತೆಗೆದು, ಐದು ವರ್ಷ ಬಿಟ್ಟು ವಾಪಸು ಇಟ್ಟದ್ದಕ್ಕೆ ಚಪ್ಪಾಳೆ ಗಿಟ್ಟಿಸುವ ವ್ಯಾಪಾರ ಬೇರೆಲ್ಲೂ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ಗುಲಾಬಿಯೇ ಚೆನ್ನಾಗಿತ್ತು ಎನ್ನುವವರ ದಂಡು ಆಗಲೇ ಹುಟ್ಟಿಕೊಂಡಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ. ಮುಂದಿನ ಗಿರಾಕಿಗಳು ಅವರೇ.

ಬಣ್ಣ ಹೀಗೆ ಹೋಗಿ ಬಂದು ಮಾಡುತ್ತಿದ್ದರೂ ಒಂದು ಮಾತ್ರ ಹಿಂದೆ ತಿರುಗಿ ನೋಡಿಲ್ಲ. 1971ರಲ್ಲಿ ಒಳಗೆ ಹೋಗಲು ಮೂರೂವರೆ ಡಾಲರ್, ಆಟಗಳಿಗೆ ಬೇರೆ ಚೀಟಿ. ಈಗ ಜನಜಂಗುಳಿಯ ದಿನಗಳಲ್ಲಿ ತಲೆಗೆ 180 ಡಾಲರಿಗೂ ಮೇಲೆ. ಅರಮನೆಗೆ ಸಾರುವೆ ಕಟ್ಟಿರಲಿ, ಐಸಿಂಗ್ ಮೆತ್ತಿರಲಿ, ಟಾಯ್ಲೆಟ್ ಪೇಪರ್ ಸುತ್ತಿರಲಿ, ಬಾಗಿಲಲ್ಲಿ ಎಣಿಸುವುದು ಪೂರ್ತಿ ದುಡ್ಡೇ. ಬೈದವರೂ ಅಷ್ಟೇ ಕೊಟ್ಟು ಬೈದಿದ್ದಾರೆ, ಬೈದ ಮೇಲೆ ಅದರ ಮುಂದೆ ನಿಂತು ಹಲ್ಲು ಬಿಟ್ಟು ಫೋಟೊ ತೆಗೆಸಿಕೊಂಡಿದ್ದಾರೆ.

2046ಕ್ಕೆ ಉದ್ಯಾನಕ್ಕೆ 75 ತುಂಬುತ್ತದೆ. ಆ ವರ್ಷ ಮಗಳ ಮದುವೆಯನ್ನು ಅಲ್ಲಿ ಇಟ್ಟುಕೊಳ್ಳುವ ಯೋಚನೆಯಿರುವವರು ಮುಂಗಡ ಕಟ್ಟುವ ಮೊದಲು ಅರಮನೆಯ ಬಣ್ಣ ಯಾವುದೆಂದು ಕೇಳಿ, ಬಾಯಿಮಾತು ನಂಬದೆ ಬರಹದಲ್ಲಿ ತೆಗೆದುಕೊಳ್ಳಿ.