ಬಾತು-ಪ್ರಮಾಣ: ಫ್ರೆಂಚ್ ಭೋಜನಮೂಲ ಇಂಟರ್ನೆಟ್ ಮಾರ್ಕೆಟಿಂಗ್ ಮೀಮಾಂಸೆ

ಪ್ರತಿಜ್ಞೆ

ಇಂಟರ್ನೆಟ್ ಮಾರ್ಕೆಟಿಂಗ್ ಯಾವಾಗ ಹುಟ್ಟಿತು ಎಂಬುದರಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. 1978ರ ಮೇ ತಿಂಗಳಲ್ಲಿ ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರ ಗ್ಯಾರಿ ಥುರ್ಕ್, ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಮಂದಿಗೆ ಯಾರೂ ಕೇಳದಿದ್ದರೂ ಒಂದೇ ಏಟಿಗೆ ಜಾಹೀರಾತು ಕಳಿಸಿದನಲ್ಲ, ಅದೇ ಜನ್ಮಘಳಿಗೆ ಎನ್ನುವುದು ಒಂದು ಪಂಥ. ಅಲ್ಲ, 1994ರ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ತಾಣದ ನೆತ್ತಿಯ ಮೇಲೆ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಏರಿದ ದಿನ ಎನ್ನುವುದು ಇನ್ನೊಂದು. ಎರಡೂ ಪಂಥದವರು ಕಂಪ್ಯೂಟರ್ ಮುಂದೆಯೇ ಸ್ಯಾಂಡ್‌ವಿಚ್ ಕಚ್ಚಿಕೊಂಡು ಸಂಶೋಧನೆ ಮಾಡಿದವರಾದ್ದರಿಂದ ಅವರ ಅಭಿಪ್ರಾಯಗಳನ್ನು ಗೌರವಪೂರ್ವಕವಾಗಿ ಬದಿಗಿಟ್ಟಿದ್ದೇವೆ. ಈ ವಿದ್ಯೆ ಹುಟ್ಟಿದ್ದು ನೆಪೋಲಿಯನ್ ಕಾಲದ ಪ್ಯಾರಿಸ್‌ನಲ್ಲಿ, ಊಟದ ಮೇಜಿನ ಮೇಲೆ. ಅಮೆರಿಕದವರು ಮಾಡಿದ್ದೇನಿದ್ದರೂ ಅದಕ್ಕೆ ತಂತಿ ಎಳೆದದ್ದು. ಇದು ನಮ್ಮ ಪ್ರತಿಜ್ಞೆ.

ಇದೆಲ್ಲ ನಮ್ಮಲ್ಲೇ ಇತ್ತು ಎಂದು ಎದ್ದು ನಿಲ್ಲುವವರಿಗೆ ಇಲ್ಲೇ ಸಮಾಧಾನ ಹೇಳಿಬಿಡುತ್ತೇವೆ. ಮೂರನೆಯ ಮಂಗರಸ ಸೂಪಶಾಸ್ತ್ರ ಬರೆದದ್ದು ನಿಜ. ಆದರೆ ಅವನು ಷಟ್ಪದಿಯಲ್ಲಿ ಪಾಕ ಹೇಳಿ ಸುಮ್ಮನಾದ. ಓದುಗರ ಇಮೇಲ್ ಕೇಳಲಿಲ್ಲ. ಹೀಗಾಗಿ ಅವನನ್ನು ಬರೀ ಪಂಡಿತನೆಂದು ಪರಿಗಣಿಸಿ ಮುಂದೆ ಹೋಗಬೇಕಾಗಿದೆ.

ಪಾತ್ರಲಕ್ಷಣ

ಮೀಮಾಂಸೆಗೆ ಒಬ್ಬ ಅಧಿಕಾರಿ ಬೇಕು. ನಮ್ಮ ಅಧಿಕಾರಿ ಒಬ್ಬ ಆನ್‌ಲೈನ್ ಉದ್ಯಮಿ. ಅವನ ಹೆಸರು ಬೇಡ; ಯಾರನ್ನು ಫಾಲೋ ಮಾಡಿದರೂ ಕೊನೆಗೆ ಇವನೇ ಸಿಗುತ್ತಾನೆ. ಏನು ಮಾರುತ್ತೀಯಪ್ಪಾ ಎಂದರೆ 'ವ್ಯಾಲ್ಯೂ' ಎನ್ನುತ್ತಾನೆ. ಒತ್ತಿ ಕೇಳಿದರೆ, ಆನ್‌ಲೈನಿನಲ್ಲಿ ಮಾರುವುದು ಹೇಗೆಂದು ಆನ್‌ಲೈನಿನಲ್ಲಿ ಕಲಿಸಿ, ಆ ಕಲಿಕೆಯನ್ನೇ ಆನ್‌ಲೈನಿನಲ್ಲಿ ಮಾರುತ್ತಾನೆ ಎಂದು ತಿಳಿದುಬರುತ್ತದೆ. ಈತ ಪ್ಯಾರಿಸ್‌ಗೆ ಬಂದಿದ್ದಾನೆ. ಸೇನ್ ನದಿಯ ದಂಡೆಯಲ್ಲಿ, ನೋತ್ರದಾಮ್ ಕಾಣುವ ಕಿಟಕಿಯ ಪಕ್ಕ, ತೂರ್ ದಾರ್ಜಾನ್ ರೆಸ್ಟೋರೆಂಟಿನಲ್ಲಿ ಕೂತಿದ್ದಾನೆ. ಮೊದಲ ತಟ್ಟೆ ಬರುವ ಮುಂಚೆಯೇ 'ಈ ಊಟ ನನಗೆ ಕಲಿಸಿದ ಏಳು ಮಾರ್ಕೆಟಿಂಗ್ ಪಾಠಗಳು' ಎಂಬ ಪೋಸ್ಟ್ ಬರೆದು ಡ್ರಾಫ್ಟಿನಲ್ಲಿ ಇಟ್ಟಿದ್ದಾನೆ.

ಅಷ್ಟರಲ್ಲಿ ಅಮ್ಯೂಸ್ ಬೂಶ್ ಬಂತು. ಹೆಬ್ಬೆಟ್ಟಿನಷ್ಟು ಗಾತ್ರದ ತಿನಿಸು, ಆರ್ಡರ್ ಮಾಡಿದ್ದಲ್ಲ, ಬಿಲ್ಲಿನಲ್ಲಿ ಬರುವುದಿಲ್ಲ. ಉದ್ಯಮಿ ಕೂಡಲೇ ಅದರಲ್ಲಿ ಲೀಡ್ ಮ್ಯಾಗ್ನೆಟ್ಟನ್ನು ಕಂಡ. 'ಪುಕ್ಕಟೆ ಪಿಡಿಎಫ್ ಕೊಟ್ಟು ಇಮೇಲ್ ಪಡೆಯುವುದೂ ಇದೇ ಅಲ್ಲವೇ' ಎಂದು ವೈನ್ ಬಡಿಸುವ ಸೊಮೆಲಿಯೆಯನ್ನು ಕೇಳಿದ. ಸೊಮೆಲಿಯೆ ತಲೆಬಾಗಿ ವೈನ್ ಪಟ್ಟಿ ಕೊಟ್ಟ. ಅದು ಪುಸ್ತಕದಷ್ಟು ದಪ್ಪವಿತ್ತು, ಪಿಡಿಎಫ್ ಆಗಿರಲಿಲ್ಲ.

ಗ್ರಿಮೋ ಅಧಿಕರಣ

ಈಗ ಮೂಲಪುರುಷನ ಕಡೆ ಬರೋಣ. ಗ್ರಿಮೋ ದ ಲಾ ರೇನಿಯೇರ್, 1758ರಲ್ಲಿ ಹುಟ್ಟಿ 1837ರಲ್ಲಿ ತೀರಿಕೊಂಡವನು. ತಂದೆ ರಾಜನ ಪರವಾಗಿ ತೆರಿಗೆ ಎತ್ತುವ ಗುತ್ತಿಗೆದಾರ, ಮಗ ಓದಿದ್ದು ವಕೀಲಿ, ಮಾಡಿದ್ದು ಊಟ. 1783ರಲ್ಲೇ ಈತ ಒಂದು ಔತಣ ಕೊಟ್ಟ. ಆಮಂತ್ರಣ ಪತ್ರಿಕೆ ಮರಣವಾರ್ತೆಯ ರೂಪದಲ್ಲಿತ್ತು, ಅತಿಥಿಗಳು ಉಣ್ಣುವುದನ್ನು ಮೇಲಿನ ಗ್ಯಾಲರಿಯಲ್ಲಿ ನಿಂತು ನೋಡಲು ಹೊರಗಿನವರಿಗೂ ಬಿಡಲಾಗಿತ್ತು. ಇನ್ನೊಬ್ಬ ತಿನ್ನುವುದನ್ನು ಹಸಿದವನು ಕಣ್ಣು ಕೀಲಿಸಿ ನೋಡುತ್ತಾನೆ ಎಂಬ ತತ್ತ್ವವನ್ನು ಕ್ಯಾಮೆರಾ ಇಲ್ಲದ ಕಾಲದಲ್ಲಿ ಸಾಬೀತು ಮಾಡಿದ ಪ್ರಯೋಗ ಇದು. ಇಂದಿನ ಲೈವ್‌ಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಗ್ಯಾಲರಿಯಲ್ಲಿ ನಿಂತವರಿಗೆ ಹೃದಯದ ಚಿಹ್ನೆ ಕಳಿಸಲು ಆಗುತ್ತಿರಲಿಲ್ಲ.

ಫ್ರೆಂಚ್ ಕ್ರಾಂತಿಯಲ್ಲಿ ಶ್ರೀಮಂತರ ತಲೆಗಳು ಉರುಳಿದವು, ಅವರ ಅಡುಗೆಯವರು ಉಳಿದರು. ಪ್ಯಾರಿಸ್‌ನಲ್ಲಿ ರೆಸ್ಟೋರೆಂಟುಗಳು ಹೆಚ್ಚಿದವು, ಹೊಸ ದುಡ್ಡಿನ ಜನ ಎಲ್ಲಿ ಏನು ತಿನ್ನಬೇಕೆಂದು ತಿಳಿಯದೆ ಒದ್ದಾಡಿದರು. ಗ್ರಿಮೋ 1803ರಲ್ಲಿ ಭೋಜನಪ್ರಿಯರಿಗೊಂದು ಪಂಚಾಂಗ ಹೊರಡಿಸಿದ. 1812ರವರೆಗೆ ಎಂಟು ಸಂಪುಟ ಬಂದವು. ಯಾವ ಬೀದಿಯಲ್ಲಿ ಯಾರ ಪೇಸ್ಟ್ರಿ ಚೆನ್ನ, ಯಾರ ಹ್ಯಾಮ್ ತಿನ್ನಬಹುದು ಎಂದು ಅಂಗಡಿ ಅಂಗಡಿಗೆ ನಡೆದು ಬರೆದ ಪುಸ್ತಕ ಅದು. ಕೊಳ್ಳುವವರಿಗೆ ದಾರಿ ತೋರಿದ್ದು ಸರಿ. ಅವನ ನಿಜವಾದ ಪ್ರತಿಭೆ ಮಾರುವವರ ಕಡೆ ತಿರುಗಿತು. ಒಂದು ರುಚಿನಿರ್ಣಯ ಮಂಡಳಿ ಕಟ್ಟಿದ. ವ್ಯಾಪಾರಿಗಳು ತಮ್ಮ ಸರಕಿನ ಮಾದರಿಗಳನ್ನು ಮಂಡಳಿಗೆ ಕಳಿಸಬೇಕು, ಮಂಡಳಿ ಗಂಭೀರವಾಗಿ ತಿಂದು ತೀರ್ಪು ಕೊಡಬೇಕು, ತೀರ್ಪು ಪಂಚಾಂಗದಲ್ಲಿ ಅಚ್ಚಾಗಬೇಕು. ಪಕ್ಷಪಾತದ ದೂರುಗಳು ಬಂದವು, ಬಾರದೆ ಇರುತ್ತವೆಯೇ? ಪುಕ್ಕಟೆ ಪಾರ್ಸೆಲ್ ಪಡೆದು ಪ್ರಾಮಾಣಿಕ ಅಭಿಪ್ರಾಯ ಹೇಳುವ ವೃತ್ತಿಗೆ ಅಂದಿನಿಂದ ಇಂದಿನವರೆಗೆ ಹೊಸದಾಗಿ ಸೇರಿದ್ದು ರಿಂಗ್ ಲೈಟ್ ಮಾತ್ರ.

ಇದೇ ಫ್ರಾನ್ಸ್ 2023ರ ಜೂನ್ 9ರಂದು ಇನ್‌ಫ್ಲುಯೆನ್ಸರ್‌ಗಳ ಮೇಲೆ ಕಾನೂನು ತಂದಿತು. ಜಾಹೀರಾತನ್ನು ಜಾಹೀರಾತು ಎಂದು ಹೇಳಲೇಬೇಕು, ತಪ್ಪಿದರೆ ಎರಡು ವರ್ಷದವರೆಗೆ ಜೈಲು, 3 ಲಕ್ಷ ಯೂರೋವರೆಗೆ ದಂಡ. ಗ್ರಿಮೋ 186 ವರ್ಷ ಮೊದಲೇ ಸತ್ತು ಪಾರಾದ. ಸಾವಿನ ವಿಷಯದಲ್ಲೂ ಅವನು ಪ್ರವರ್ತಕನೇ. ತಾನು ಸತ್ತೆನೆಂದು ಸುದ್ದಿ ಹಬ್ಬಿಸಿ, ಅಂತ್ಯಕ್ರಿಯೆಗೆ ಬಂದ ಕೆಲವೇ ಜನರನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದ ಎಂಬ ಕತೆ ಪ್ರಚಾರದಲ್ಲಿದೆ. ಇಮೇಲ್ ಲಿಸ್ಟಿನಲ್ಲಿ ಜೀವಂತ ಇರುವವರು ಯಾರು, ಸುಮ್ಮನೆ ಹೆಸರಿಗೆ ಇರುವವರು ಯಾರು ಎಂದು ಜರಡಿ ಹಿಡಿಯಲು ಇದಕ್ಕಿಂತ ಖಚಿತ ವಿಧಾನ ಈವರೆಗೆ ಯಾವ ಸಾಫ್ಟ್‌ವೇರ್‌ಗೂ ಸಿಕ್ಕಿಲ್ಲ.

ಟಯರ್ ಅಧಿಕರಣ

1900ರಲ್ಲಿ ಫ್ರಾನ್ಸಿನಲ್ಲಿ 3,000 ಕಾರೂ ಇರಲಿಲ್ಲ. ಆ ವರ್ಷ ಕ್ಲೇರ್ಮೋಂ-ಫೆರ್ರಾಂ ಊರಿನ ಟಯರ್ ತಯಾರಕರಾದ ಮಿಶೆಲಿನ್ ಸೋದರರು ಸುಮಾರು 35,000 ಗೈಡ್‌ಗಳನ್ನು ಅಚ್ಚು ಹಾಕಿಸಿ ಪುಕ್ಕಟೆ ಹಂಚಿದರು. ಪೆಟ್ರೋಲ್ ಎಲ್ಲಿ ಸಿಗುತ್ತದೆ, ರಾತ್ರಿ ಎಲ್ಲಿ ತಂಗಬಹುದು, ಟಯರ್ ಬದಲಿಸುವುದು ಹೇಗೆ ಎಂಬ ಮಾಹಿತಿ. 'ನಮ್ಮ ಟಯರ್ ಕೊಳ್ಳಿ' ಎಂದು ಗಂಟಲು ಹರಿದುಕೊಳ್ಳುವ ಬದಲು 'ಎಲ್ಲಾದರೂ ಹೋಗಿಬನ್ನಿ' ಎಂದರು. ಹೋದರೆ ಟಯರ್ ಸವೆಯುತ್ತದೆ. ಮುಂದಿನದು ರಬ್ಬರಿನ ಧರ್ಮ.

ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡರು. ಒಂದು ಅಂಗಡಿಯಲ್ಲಿ ತಮ್ಮ ಗೈಡ್‌ಗಳನ್ನು ಮೇಜಿನ ಕಾಲಿಗೆ ಆಸರೆಯಾಗಿ ಕೊಟ್ಟಿದ್ದನ್ನು ಆಂದ್ರೆ ಮಿಶೆಲಿನ್ ನೋಡಿದರಂತೆ. 1920ರಿಂದ ಗೈಡ್‌ಗೆ 7 ಫ್ರಾಂಕ್ ಬೆಲೆ ಬಿತ್ತು. 1926ರಲ್ಲಿ ಒಳ್ಳೆಯ ಊಟಕ್ಕೆ ನಕ್ಷತ್ರ, 1931ರಲ್ಲಿ ಎರಡು-ಮೂರು ನಕ್ಷತ್ರಗಳ ಶ್ರೇಣಿ. ಒಂದು ನಕ್ಷತ್ರ ಅದರ ವರ್ಗದಲ್ಲಿ ಒಳ್ಳೆಯದು, ಎರಡಕ್ಕೆ ದಾರಿ ಬಳಸಿ ಹೋದರೂ ಸಾರ್ಥಕ, ಮೂರಕ್ಕೆ ಅದಕ್ಕೆಂದೇ ಪ್ರಯಾಣ ಮಾಡಬಹುದು ಎಂಬ ವಿವರಣೆ 1936ರಲ್ಲಿ ಅಚ್ಚಾಯಿತು. ಮಾರ್ಕೆಟಿಂಗ್ ಪಂಡಿತರು ಫನಲ್ ಎಂದು ಪವರ್‌ಪಾಯಿಂಟಿನಲ್ಲಿ ಬಿಡಿಸುವ ಚಿತ್ರ ಇದೇ. ನಕ್ಷತ್ರ ಏರಿದಂತೆಲ್ಲ ಕಿಲೋಮೀಟರ್ ಏರುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಸಾಸ್ ಎಷ್ಟೇ ದೈವಿಕವಾಗಿರಲಿ, ಈ ಸಿದ್ಧಾಂತದ ತಳದಲ್ಲಿ ಒಂದು ಚಕ್ರ ತಿರುಗುತ್ತಿತ್ತು. ಚಕ್ರಕ್ಕೆ ಸುತ್ತಿದ ಟಯರ್ ಕೈಗೆ ಸಿಗುವಂಥ ವಸ್ತುವಾಗಿತ್ತು.

ನಮ್ಮ ಉದ್ಯಮಿ ಗೈಡನ್ನು ಚೆನ್ನಾಗಿ ಅಧ್ಯಯನ ಮಾಡಿ, ಅದರಿಂದ ಟಯರನ್ನು ತೆಗೆದುಹಾಕಿದ್ದಾನೆ.

ಬಾತು ಅಧಿಕರಣ

ಅಷ್ಟರಲ್ಲಿ ಬಾತುಕೋಳಿ ಬಂತು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಪ್ರಬಂಧದ ಪ್ರಾಣ ಇದರಲ್ಲಿದೆ.

ಅರ್ಧ ಬೆಂದ ಬಾತನ್ನು ಮೊದಲು ಅತಿಥಿಗೆ ತೋರಿಸುತ್ತಾರೆ. ಎದೆಯ ಮಾಂಸವನ್ನು ತೆಳುವಾಗಿ ಕೊಯ್ದು ಬದಿಗಿಡುತ್ತಾರೆ. ಉಳಿದ ಎಲುಬಿನ ಗೂಡು ಬೆಳ್ಳಿಯ ಬಣ್ಣದ ಭಾರಿ ಪ್ರೆಸ್ಸಿನೊಳಗೆ ಹೋಗುತ್ತದೆ. ಮೇಲಿನ ಚಕ್ರವನ್ನು ತಿರುಗಿಸಿದರೆ, ಕಬ್ಬಿನ ಗಾಣದಲ್ಲಿ ರಸ ಇಳಿದಂತೆ, ಕೆಳಗಿನ ಮೂತಿಯಿಂದ ರಕ್ತವೂ ಮಜ್ಜೆಯೂ ಕೂಡಿದ ಕಪ್ಪುಗೆಂಪು ರಸ ಇಳಿಯುತ್ತದೆ. ಅರೆದ ಪಿತ್ತಜನಕಾಂಗ, ಮದೀರಾ, ಕೋನ್ಯಾಕ್ ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹೋದರೆ ಅದು ಕರಗಿದ ಚಾಕೊಲೇಟಿನಷ್ಟು ಗಟ್ಟಿಯಾಗುತ್ತದೆ. ಎಲ್ಲವೂ ಅತಿಥಿಯ ಕಣ್ಣೆದುರಿಗೇ. ಊಟದ ಜೊತೆ ಒಂದು ಕಾರ್ಡು ಕೊಡುತ್ತಾರೆ. ಅದರಲ್ಲಿ ನೀವು ತಿಂದ ಬಾತಿನ ಕ್ರಮಸಂಖ್ಯೆ ಇರುತ್ತದೆ.

1890ರಲ್ಲಿ ಈ ಸಂಖ್ಯೆಯ ಪದ್ಧತಿ ತಂದವನು ಇದೇ ರೆಸ್ಟೋರೆಂಟಿನ ಫ್ರೆಡೆರಿಕ್ ದೆಲೇರ್. ಮುಂದೆ ಏಳನೆಯ ಎಡ್ವರ್ಡ್ ಆದ ವೇಲ್ಸ್ ರಾಜಕುಮಾರನ ಪಾಲಿಗೆ ಬಂದದ್ದು 328ನೇ ಬಾತು. ದೆಲೇರ್‌ನ ಜಾಣತನ ನೋಡಿ: ಬಾತು ಎಲ್ಲರ ಅಡುಗೆಮನೆಯಲ್ಲೂ ಇತ್ತು, ಸಂಖ್ಯೆ ಇವನಲ್ಲಿ ಮಾತ್ರ. ರಾಜಕುಮಾರ 328 ತಿಂದ ಮೇಲೆ 329 ತಿಂದವನು ಆಯುಷ್ಯವಿಡೀ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ಅವನಿಗೆ ಸಂಬಳ ಕೊಡಬೇಕಿಲ್ಲ. ಫಾಲೋವರ್ ಎಣಿಕೆ, 'ಇಷ್ಟೇ ಸೀಟು ಬಾಕಿ', ಸೆಲೆಬ್ರಿಟಿ ಬೆಂಬಲ, ಗ್ರಾಹಕರೇ ಮಾಡುವ ಪ್ರಚಾರ, ಇಷ್ಟೂ ಒಂದು ರಟ್ಟಿನ ಚೂರಿನಲ್ಲಿ ಕೂತಿದ್ದವು.

ಇನ್ನು ವ್ಯಾಖ್ಯಾನಕಾರರ ಕಣ್ಣು ತಪ್ಪಿದ ಒಂದು ಸೂಕ್ಷ್ಮವಿದೆ. ಈ ರೆಸ್ಟೋರೆಂಟು 1996ರಲ್ಲಿ ಮೂರನೆಯ ನಕ್ಷತ್ರ ಕಳೆದುಕೊಂಡಿತು, 2006ರಲ್ಲಿ ಎರಡನೆಯದು ಹೋಯಿತು. ಇವೆರಡರ ನಡುವೆ, 2003ರಲ್ಲಿ, ಹತ್ತು ಲಕ್ಷನೇ ಬಾತು ಮೇಜಿಗೆ ಬಂತು. ಸಂಖ್ಯೆ ಏರುತ್ತಲೇ ಇರುತ್ತದೆ, ನಕ್ಷತ್ರ ಇಳಿಯುತ್ತಲೂ ಇರಬಹುದು. ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಹತ್ತು ಲಕ್ಷ ಫಾಲೋವರ್‌ಗಳಿರುವವರಿಗೆ ಇದನ್ನು ಯಾರಾದರೂ ಮೆಲ್ಲಗೆ ಹೇಳಬೇಕು.

ಸಿದ್ಧಾಂತ: ಪ್ರತಿ ಸಂಖ್ಯೆಯ ಹಿಂದೆ ಒಂದು ಬಾತು ಇರತಕ್ಕದ್ದು. ಇದನ್ನೇ ಬಾತು-ಪ್ರಮಾಣ ಎಂದು ಕರೆದಿದ್ದೇವೆ. ಈ ಅಳತೆಗೋಲನ್ನು ಹಿಡಿದು ನಮ್ಮ ಉದ್ಯಮಿಯ ವೆಬಿನಾರ್ ಪರೀಕ್ಷಿಸಿದಾಗ ಪುಕ್ಕಟೆ ಮೊದಲ ತುತ್ತು ಕಂಡಿತು, ಕಾರ್ಡು ಕಂಡಿತು, ಚಕ್ರ ತಿರುಗುವುದೂ ಕಂಡಿತು. ಪ್ರೆಸ್ಸಿನೊಳಗೆ ಇದ್ದದ್ದು ಶಿಷ್ಯರು.

ಕ್ಷುದ್ರ ಅಧಿಕರಣಗಳು

ಎಲ್ಲ ಭಕ್ಷ್ಯಗಳನ್ನೂ ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದ ಹಳೆಯ ಫ್ರೆಂಚ್ ಕ್ರಮ ಹೋಗಿ ಒಂದಾದ ಮೇಲೊಂದು ಬಡಿಸುವ ರಷ್ಯನ್ ಕ್ರಮ 19ನೇ ಶತಮಾನದಲ್ಲಿ ನೆಲೆಯೂರಿತು; ಅದನ್ನು ಪ್ಯಾರಿಸ್‌ಗೆ ಪರಿಚಯಿಸಿದ ಕೀರ್ತಿಯನ್ನು ರಷ್ಯದ ರಾಯಭಾರಿ ಕುರಾಕಿನ್‌ಗೆ ಕೊಡುವುದು ವಾಡಿಕೆ. ಮಂಗಳವಾರಕ್ಕೊಂದು ಗುರುವಾರಕ್ಕೊಂದು ಬರುವ ಸರಣಿ ಇಮೇಲ್‌ಗಳು ಅವನ ವಂಶಸ್ಥರು. ಹಾಗೆಯೇ, ಹಿಂದಿನ ದೊಡ್ಡ ರೆಸ್ಟೋರೆಂಟುಗಳಲ್ಲಿ ಬೆಲೆ ಬರೆದ ಮೆನು ಆತಿಥೇಯನಿಗೆ ಮಾತ್ರ ಕೊಡುತ್ತಿದ್ದರು, ಜೊತೆಗೆ ಬಂದ ಹೆಂಗಸಿಗೆ ಬೆಲೆಯಿಲ್ಲದ್ದು. 'ಬೆಲೆಗೆ ಡಿಎಂ ಮಾಡಿ' ಎನ್ನುವವರು ಈ ಸಂಪ್ರದಾಯದ ಕೊನೆಯ ಕುಡಿಗಳು.

ಕಾಫಿಯ ಜೊತೆ ಪುಟ್ಟ ಬಿಸ್ಕತ್ತು-ಮಿಠಾಯಿಗಳ ತಟ್ಟೆ ಬರುತ್ತದೆ. ಬೇಡವೆಂದು ಕೈಯಾಡಿಸಿದರೆ ಮಾಣಿ ಮರುಮಾತಿಲ್ಲದೆ ಎತ್ತಿಕೊಂಡು ಹೋಗುತ್ತಾನೆ. ಜಾಲತಾಣಗಳ ಕುಕ್ಕಿಗಳು ಹೀಗೆ ಹೋಗುವುದಿಲ್ಲ. ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ ಇದನ್ನು ಸಹಿಸಲಿಲ್ಲ. ಒಪ್ಪಲು ಒಂದು ಕ್ಲಿಕ್ ಸಾಕು, ತಿರಸ್ಕರಿಸಲು ಹಲವು ಬೇಕು ಎಂಬ ಕಾರಣಕ್ಕೆ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ಬೇಡ ಎಂದವನ ಮುಂದಿನಿಂದ ತಟ್ಟೆ ಎತ್ತುವುದು ನಾಗರಿಕತೆ ಎಂಬುದು ಆ ತೀರ್ಪಿನ ತಾತ್ಪರ್ಯವೆಂದು ನಮ್ಮ ಭಾಷ್ಯ.

ಮೋಕ್ಷ ಅಧಿಕರಣ

ಬಂಧನ ವಿವರಿಸಿದ ಮೇಲೆ ಬಿಡುಗಡೆ ಹೇಳದಿದ್ದರೆ ಶಾಸ್ತ್ರ ಅಪೂರ್ಣ. ಮೋಕ್ಷಕ್ಕೆ ಫ್ರೆಂಚರಲ್ಲಿ ಎರಡು ಮಾರ್ಗಗಳು.

ಮೊದಲನೆಯದು ವ್ಯಾಜ್ಯಮಾರ್ಗ. ಆಲ್ಪ್ಸ್ ಬೆಟ್ಟದ ಬಾಣಸಿಗ ಮಾರ್ಕ್ ವೇರಾ 2019ರಲ್ಲಿ ಮೂರನೆಯ ನಕ್ಷತ್ರ ಕಳೆದುಕೊಂಡರು. ನನ್ನ ಸೂಫ್ಲೆಗೆ ಇಂಗ್ಲಿಷರ ಚೆಡ್ಡರ್ ಹಾಕಿದ್ದೇನೆಂದು ಗೈಡಿನ ಇನ್‌ಸ್ಪೆಕ್ಟರ್ ಭಾವಿಸಿಬಿಟ್ಟ, ಹಾಕಿದ್ದು ನಮ್ಮ ಬೆಟ್ಟದ ಚೀಸೇ, ಹಳದಿ ಬಣ್ಣ ಕೇಸರಿಯದು ಎಂದು ಕೋರ್ಟಿಗೆ ಹೋದರು. ಕೇಳಿದ ಪರಿಹಾರ 1 ಯೂರೋ. ಆ ವರ್ಷದ ಕೊನೆಯ ದಿನ ಕೋರ್ಟು ಅದನ್ನೂ ಕೊಡಲಿಲ್ಲ. ಕೆಟ್ಟ ರಿವ್ಯೂ ಬಂದಾಗ ರಾತ್ರಿ ಹನ್ನೆರಡಕ್ಕೆ ಉದ್ದನೆಯ ಉತ್ತರ ಟೈಪ್ ಮಾಡುವವರೆಲ್ಲ ಇದೇ ಮಾರ್ಗದ ಸಾಧಕರು.

ಎರಡನೆಯದು ಸಂನ್ಯಾಸಮಾರ್ಗ. ಲಾಯೋಲ್ ಊರಿನ ಸೆಬಾಸ್ಟಿಯನ್ ಬ್ರಾ 2017ರಲ್ಲಿ, ತಮ್ಮ ಮೂರೂ ನಕ್ಷತ್ರ ಹಾಗೇ ಇರುವಾಗಲೇ, ಮುಂದಿನ ಗೈಡಿನಲ್ಲಿ ನಮ್ಮ ರೆಸ್ಟೋರೆಂಟ್ ಸೇರಿಸಬೇಡಿ, ಈ ಒತ್ತಡ ಸಾಕು ಎಂದರು. ಹೀಗೆ ನಕ್ಷತ್ರಗಳನ್ನು ತಾವಾಗಿ ಬಿಟ್ಟುಕೊಡುವವರು ಅಪರೂಪ. 2018ರ ಗೈಡಿನಲ್ಲಿ ಅವರ ಹೆಸರಿರಲಿಲ್ಲ. ಲಿಸ್ಟಿನಿಂದ ಹೊರಬಂದರೂ ಒಲೆ ಆರಲಿಲ್ಲ, ಅದೇ ಅಡುಗೆ ನಡೆಯಿತು. ಅನ್‌ಸಬ್‌ಸ್ಕ್ರೈಬ್ ಎಂಬ ಗುಂಡಿಗೆ ಇದಕ್ಕಿಂತ ಗಂಭೀರವಾದ ಬೆರಳು ತಾಗಿದ ಉದಾಹರಣೆ ನಮಗೆ ಸಿಕ್ಕಿಲ್ಲ. ಮೋಕ್ಷ ಪಡೆದವನಿಗೆ ಪುನರ್ಜನ್ಮವಿಲ್ಲ ಎಂದು ವೇದಾಂತಿಗಳು ಭರವಸೆ ಕೊಡುತ್ತಾರೆ. ಅವರಿಗೆ ಮಾರ್ಕೆಟಿಂಗ್ ವಿಭಾಗದವರ ಪರಿಚಯ ಇದ್ದಂತಿಲ್ಲ: 2019ರ ಗೈಡ್ ತೆರೆದು ನೋಡಿದರೆ ಬ್ರಾ ಅವರ ರೆಸ್ಟೋರೆಂಟ್ ಎರಡು ನಕ್ಷತ್ರ ಹೊತ್ತು ಮತ್ತೆ ಕೂತಿತ್ತು.